ಸಂಬಂಧ

‘ಸಂಬಂಧ ನೋಡೋ ವಯಸ್ನಲ್ಲಿ ಸಂಬಂಧ ಓದ್ತಾವ್ಳಂತೆ!’
ಎದುರು ಮನೆಯ ಕೆಂಪಾಜಮ್ಮ ನಲ್ಲಿ ಹತ್ತಿರ ಸಾರಿದ್ದು
ಕೆಸರೆಯ ಅಷ್ಟೂ ಕೊಡಗಳಿಗೆ ಕೇಳಿಸಿತು.
ಮುಂದಿನ ‘ಅಂತರರಾಷ್ಟ್ರೀಯ’
ಅವಳ ಬಾಯಿಗೆ ಹಿಡಿಸಲಿಲ್ಲ.
ಮೊದಮೊದಲು ನನ್ನ ಬಾಯಿಗೂ.

ಇದನ್ನೇ ಮೇಜರ್ ತೆಗೆದುಕೊಂಡವರು ಹದಿನಾಲ್ಕು ಜನ.
ಮೂಲೆಯ ಕೊಠಡಿ, ಒಂದು ಫ್ಯಾನು,
ಗೋಡೆಯ ಭೂಪಟದಲ್ಲಿ
ಸೋವಿಯತ್ ಒಕ್ಕೂಟ ಇನ್ನೂ ಒಡೆದಿಲ್ಲ.
ಹೊಸದಕ್ಕೆ ಅರ್ಜಿ ಹೋಗಿದೆ ಅನ್ನುತ್ತಾರೆ ಮೇಡಂ,
ಅಲ್ಲಿಯವರೆಗೆ ಕಜಕಿಸ್ತಾನವನ್ನು
ಸೀಮೆಸುಣ್ಣದಲ್ಲಿ ಬರೆದುಕೊಳ್ಳಿ.

ಅವ್ವನಿಗೆ ದೇಶಗಳು ನನಗಿಂತ ಮೊದಲೇ ಗೊತ್ತು.
ಬನ್ನಿಮಂಟಪದ ಕಡೆ ಶಾಯಿ ಕಾರ್ಖಾನೆಯಲ್ಲಿ
ಹತ್ತೊಂಬತ್ತು ವರ್ಷದಿಂದ ಸೀಸೆಗೆ ಬಿರಡೆ ಬಿಗಿದು
ಪೆಟ್ಟಿಗೆ ತುಂಬುತ್ತಾಳೆ,
ಎಲ್ಲಿ ಚುನಾವಣೆಯೋ ಅಲ್ಲಿಗೆ.
‘ಗಾನಾ ಅಂದ್ರೆ ದೊಡ್ಡ ಆರ್ಡ್ರು ಕಣವ್ವ, ಎರಡು ಪಾಳಿ.
ಟೋಗೋ ಸಣ್ದು, ಮದ್ಯಾನ್ಕೆಲ್ಲ ಮುಗೀತು.
ಅದ್ಯಾವ್ದೋ ಒಂದ್ಕೆ ಎಲ್ಲಾ ಕಟ್ಟಿಟ್ಟಿದ್ದೊ, ಲಾರಿನೇ ಬರ್ನಿಲ್ಲ.
ಆಮ್ಯಾಲೆ ಗೊತ್ತಾಯ್ತು,
ಅಲ್ಲಿ ಮಿಲಿಟ್ರಿಯೋರು ಬಂದವ್ರಂತೆ.’

ಅದಕ್ಕೇ ಎರಡನೇ ಸೆಮಿಸ್ಟರಿನಲ್ಲಿ
ಹದಿನಾರು ಅಂಕದ ಪ್ರಶ್ನೆಯಿತ್ತು.
ಐದು ಪುಟ ಬರೆದೆ.
ಬಾರದ ಲಾರಿಯನ್ನು ಬರೆಯಲಿಲ್ಲ.

ಶಾಯಿಯಲ್ಲಿ ಬೆಳ್ಳಿ ಇದೆಯಂತೆ;
ನಮ್ಮ ಮನೆಗೆ ಬಂದ ಬೆಳ್ಳಿ ಅಷ್ಟೇ.
ಚರ್ಮಕ್ಕೆ ಹತ್ತಿ, ಬಿಸಿಲು ಕಂಡರೆ ಕಪ್ಪಾಗುತ್ತದೆ,
ಉಗುರು ಬೆಳೆದು ಕತ್ತರಿಸುವವರೆಗೆ ಬಿಡದು.
ಕೈಗವಸು ಕೊಟ್ಟಿದ್ದಾರೆ.
ಬಿರಡೆಯ ಬಿಗಿ ತಿಳಿಯುವುದಿಲ್ಲವೆಂದು
ಅವ್ವ ತೆಗೆದಿಡುತ್ತಾಳೆ.
ಮುದ್ದೆ ಕಟ್ಟುವಾಗ ನೋಡುತ್ತೇನೆ:
ಹತ್ತೂ ಬೆರಳು,
ಯಾವ ಯಾವ ದೇಶದ ಮತವೋ.

ನನ್ನ ಬೆಂಚಿನ ಡೋಲ್ಕರ್ ಬೈಲಕುಪ್ಪೆಯವಳು.
ಕನ್ನಡ ನನಗಿಂತ ಚೆಂದ,
ನಾನು ನುಂಗುವ ಹಕಾರಗಳನ್ನು
ಹೆಕ್ಕಿ ಹೆಕ್ಕಿ ಕೈಗೆ ಕೊಡುತ್ತಾಳೆ.
ಹುಟ್ಟಿದ್ದು ಪಿರಿಯಾಪಟ್ಟಣದ ಆಸ್ಪತ್ರೆ,
ಬ್ಯಾಗಿನಲ್ಲಿರುವ ನೋಂದಣಿ ಪುಸ್ತಕ ಮಾತ್ರ
ಅವಳನ್ನು ಪರದೇಶದವಳು ಅನ್ನುತ್ತದೆ.
ರಾಜ್ಯದ ಮೂಲಾಂಶಗಳು ಯಾವುವು, ಮೇಡಂ ಕೇಳಿದಾಗ
ಥಟ್ಟನೆ ಎದ್ದು ಹೇಳಿದ್ದು ಅವಳೇ:
ಜನಸಂಖ್ಯೆ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ.
ಕೂತು, ಪೆನ್ನಿನ ಮುಚ್ಚಳ ಕಚ್ಚುತ್ತ ಪಿಸುಗುಟ್ಟಿದಳು:
‘ಮೊದಲ್ನೇದು ಇದೆ.
ಮೂರನೇದು ಅರ್ಧ ಇದೆ ಕಣೇ.’

ಮತದಾನದ ರಜೆ. ನನ್ನ ಮೊದಲ ವೋಟು.
ಬೆರಳೆತ್ತಿ ಫೋಟೋ ಹಿಡಿದು ಎಲ್ಲರಿಗೂ ಕಳಿಸುವಾಗ
ಬಾಗಿಲಲ್ಲಿ ಡೋಲ್ಕರ್. ಊಟಕ್ಕೆ ಅವ್ವ ಕರೆದಿದ್ದಳು.
ಬಸ್ಸಾರು, ಮುದ್ದೆ.
ತಟ್ಟೆ ಹಿಡಿದ ಎಡಗೈ ನೋಡಿ
‘ಯಾಕವ್ವಾ, ನೀ ಆಕ್ನಿಲ್ವ?’
ನಾನು ಶುರು ಮಾಡಿದೆ:
ಐವತ್ತೊಂಬತ್ತನೇ ಇಸವಿ, ನಿರಾಶ್ರಿತರ ಒಡಂಬಡಿಕೆ,
ಅದಕ್ಕೆ ನಾವು ಹಾಕದ ಸಹಿ, ಪೌರತ್ವ ಕಾಯ್ದೆ, ತಿದ್ದುಪಡಿ...
ಮುದ್ದೆ ಆರುವಷ್ಟು.

ಅವ್ವ ಕೇಳಿಸಿಕೊಳ್ಳುತ್ತಿರಲಿಲ್ಲ.
ಹತ್ತೊಂಬತ್ತು ವರ್ಷದ ಪೆಟ್ಟಿಗೆಗಳನ್ನು
ಒಂದೊಂದಾಗಿ ತಿರುವಿ, ಮೇಲಿನ ಹೆಸರು
ನೋಡುತ್ತಿದ್ದಳು ಅಂತ ಕಾಣುತ್ತದೆ.
‘ನಿಮ್ಮೂರ್ಗೆ ಒಂದ್ ಸೀಸೆನೂ ಕಳಿಸ್ನಿಲ್ವಲ್ಲ ಮಗ’
ಅಂದಳು,
ತಪ್ಪು ಕಾರ್ಖಾನೆಯದೇ ಎಂಬಂತೆ.

ಡೋಲ್ಕರ್ ನಕ್ಕಳು. ಸಾರು ನೆತ್ತಿಗೆ ಹತ್ತಿತು.
ಅವ್ವ ತಲೆ ತಟ್ಟಿದಳು, ಅದೇ ಕೈಯಲ್ಲಿ.

ಬೆಳಿಗ್ಗೆ ನಲ್ಲಿ ಹತ್ತಿರ ಕೆಂಪಾಜಮ್ಮ:
‘ನೆನ್ನೆ ಬಂದಿತ್ತಲ್ಲ ಆ ಮಗ, ಯಾವ ದೇಶ್ದೋಳು?’
‘ಪಿರಿಯಾಪಟ್ಣ’
ಅಂದಳು ಅವ್ವ,
ಕೊಡ ಸೊಂಟಕ್ಕೇರಿಸಿಕೊಂಡು.