ಓರೆಗೆರೆಯ ಆಚೆ

ಡಬ್ಲಿನ್ನಿನ ಸಂಪಾದಕರು ಕೇಳಿದ್ದಾರೆ:
ಪ್ರತಿ ಪತ್ರದ ಬುಡದಲ್ಲಿ, ಎಡಕ್ಕೆ,
ದೊಡ್ಡಕ್ಷರದಲ್ಲಿ ಬಿ.ಎಲ್., ಒಂದು ಓರೆಗೆರೆ,
ಆಮೇಲೆ ಸಣ್ಣಕ್ಷರದಲ್ಲಿ ಎಸ್.ಕೆ.
ಬಿ.ಎಲ್. ಅನುವಾದಕ, ಬೊನಿಫಾಸ್ ಲಸ್ರಾದೊ. ಗೊತ್ತು.
ಎಸ್.ಕೆ. ಯಾರು?

ನಾನು, ಸ್ವಾಮೀ. ಸಂಪಾವತಿ ಕರ್ಕೇರ.
ಹಂಪನಕಟ್ಟೆಯ ಬಳೆಯಂಗಡಿ, ಅದರ ಮಾಳಿಗೆಯಲ್ಲಿ
ಏಳು ಯಂತ್ರಗಳ ಟೈಪಿಂಗ್ ಶಾಲೆ. ಕಿಟಕಿಯ ಪಕ್ಕದ್ದು ನನ್ನದು.
ಅದರ 'ಇ' ಅಕ್ಷರ ಸಾಲು ಬಿಟ್ಟು ತುಸು ಮೇಲೆ ಹಾರುತ್ತಿತ್ತು,
ಕೆಸರು ದಾಟುವಾಗ ನೆರಿಗೆ ಎತ್ತಿಕೊಂಡವಳ ಹಾಗೆ.
ಪುಟಕ್ಕೆ ನಲುವತ್ತು ಪೈಸೆ.
ಪ್ರೂಫ್ ನೋಡುವ ಕೆಲಸದವರಿಗೆ ಸಾಲ ಉಂಟು.

ಅವರು ಕೊಂಕಣಿಯಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳುತ್ತಿದ್ದರು,
ನಾನು ತುಳುವಿನಲ್ಲಿ ಕೇಳಿ ಇಂಗ್ಲಿಷಿನಲ್ಲಿ ಬಡಿಯುತ್ತಿದ್ದೆ.
ಅಷ್ಟು ಹೊಳೆ ದಾಟಿದ ಮಾತು
ಕಾದಂಬರಿ ಬರೆದ ಆ ಫಿನೊಲಾ ಗಾರ್ವಿಗೆ
ಹೇಗೋ ಒಣಗಿಯೇ ತಲುಪುತ್ತಿತ್ತು.
ಅವರ ಬಾಡಿಗೆ ಕೋಣೆ ವರ್ಷಕ್ಕೊಂದು,
ಹಾಗಾಗಿ ಉತ್ತರಗಳು ನನ್ನ ಮನೆಗೆ.

ಮೊದಲ ಪ್ರಶ್ನೆ ಮಣ್ಣಿನದು.
"ಮೂರನೇ ಅಧ್ಯಾಯದಲ್ಲಿ ಅಜ್ಜಿ ಒಲೆಗೆ ಮಣ್ಣು ಹಾಕುತ್ತಾಳೆ.
ಜೆಪ್ಪಿನಲ್ಲಿ ನಾವೂ ಮಣ್ಣು ಸುಡುತ್ತೇವೆ, ಹಂಚಾಗುತ್ತದೆ.
ನಿಮ್ಮಲ್ಲಿ ಮಣ್ಣೇ ಸೌದೆಯೋ?"
ಎರಡು ತಿಂಗಳಿಗೆ ನೀಲಿ ಕಾಗದ ಬಂತು:
ಹೌದು, ಜೌಗಿನಿಂದ ಕಡಿದು ಬೇಸಗೆಯಿಡೀ ಒಣಗಿಸುತ್ತೇವೆ,
ಸಾವಿರ ವರ್ಷ ಕೊಳೆತ ಹುಲ್ಲು ಅದು, ಉರಿದರೆ ಅದರ ವಾಸನೆ
ಅಲ್ಲಿಗೆ ಒಂದು ಚೌಕದ ತೂತು.
ಹಿಂಬದಿಯ ಅಂಚೆಚೀಟಿ ನನ್ನ ತಮ್ಮನ ಪುಸ್ತಕ ಸೇರಿತ್ತು.
ಲಸ್ರಾದೊ ಹಸ್ತಪ್ರತಿಯಲ್ಲಿ ಆ ಅಡುಗೆಮನೆಗೆ
ಇವತ್ತಿಗೂ ವಾಸನೆಯಿಲ್ಲ.

ಲಂಡನ್ನಿನ ಪ್ರಕಾಶಕ ಇಪ್ಪತ್ತೈದು ಪೌಂಡು ಕೇಳಿದ.
"ಬರಿ ಬಾಯೆ: ನೀವು ಕಳ್ಳರು, ಕಳ್ಳರ ಮಕ್ಕಳು."
ನಾನು ಬಡಿದೆ: ತಮ್ಮ ಷರತ್ತು ನಮಗೆ ತುಸು ಭಾರ.
ಓದದೆ ಸಹಿ ಹಾಕಿದರು. ಐದು ಪೌಂಡಿಗೆ ಇಳಿಯಿತು.
ಇಲ್ಲಿನ ಪ್ರಕಾಶಕರದು ಒಂದೇ ಮಾತು:
ಕತೆಯ ಪಾದ್ರಿಯನ್ನು ಶಾಲೆಯ ಮಾಸ್ತರನನ್ನಾಗಿ ಮಾಡಿ.
ಅದಕ್ಕೆ ಉತ್ತರ ಬರೆಯುವಾಗ ಫಿನೊಲಾ ನಕ್ಕಿರಬೇಕು, ಶಾಯಿ ಚೆಲ್ಲಿದೆ:
ನನ್ನ ಪುಸ್ತಕವನ್ನು ನನ್ನೂರಿನ ಬಂದರಿನಲ್ಲೇ ಹಿಡಿದರು.
ಅಮ್ಮ ಇನ್ನೂ ಓದಿಲ್ಲ. ಪಾದ್ರಿ ಪಾದ್ರಿಯೇ ಇರಲಿ.
ಇದ್ದ. ಪುಸ್ತಕ ಬರಲಿಲ್ಲ.

ಇನ್ನು ಆ ಕೊನೆಯ ಮೂರು ಪತ್ರ,
"ಅನುವಾದಕನ ಅತ್ಯಂತ ನಿರಾಳ ಗದ್ಯ" ಎಂದಿದ್ದೀರಲ್ಲ,
ಅವುಗಳ ತಾರೀಕು ನೋಡಿ.
ಎಪ್ಪತ್ತೊಂದರ ಜುಲೈಯಲ್ಲಿ ಲಸ್ರಾದೊ
ವೆನ್‌ಲಾಕ್ ಆಸ್ಪತ್ರೆಯ ವರಾಂಡದ ಮಂಚದಲ್ಲಿ ತೀರಿಕೊಂಡರು.
ಆಗಸ್ಟಿನಲ್ಲಿ ಅವಳು ಕೇಳಿದ್ದಳು, ನಿಮ್ಮ ಕೆಮ್ಮು ಹೇಗಿದೆ?
ಸತ್ತರು ಎಂದು ಬಡಿಯಲು ಕೂತೆ.
ಬೆರಳುಗಳು 'ವಾಸಿ' ಅಂದವು.
ಆಮೇಲೆ ಬೋಳಾರದ ದೋಣಿ, ಹಂಚಿನ ಕಾರ್ಖಾನೆಯ ಕೂಗು,
ನನ್ನ ನಿಶ್ಚಿತಾರ್ಥ ಮುರಿದದ್ದನ್ನು
ಅವರ ತಂಗಿಯ ಮಗಳದೆಂದು ಬರೆದೆ.
ಸಹಿಯೇನು ಕಷ್ಟವೇ, ಹನ್ನೊಂದು ವರ್ಷ ನೋಡಿದ್ದು,
ಬಿ ದಪ್ಪ, ಉಳಿದದ್ದು ಒಂದು ಎಳೆ.

ಅವಳ ಕೊನೆಯ ಕಾಗದದಲ್ಲಿ 'ಆತ್ಮೀಯ' ಎಂದಿದೆ, ಅಲ್ಪವಿರಾಮ.
ಹೆಸರಿಲ್ಲ.
ಅಲ್ಲಿ ತೂತೂ ಇಲ್ಲ, ಬೆಳಕಿಗೆ ಹಿಡಿದು ನೋಡಿದ್ದೇನೆ,
ತಮ್ಮ ಆಗ ಚೀಟಿ ಕೂಡಿಸುವುದು ಬಿಟ್ಟಿದ್ದ.
ಒಳಗೆ: ನಿಮ್ಮ 'ಇ' ಇನ್ನೂ ಹಾರುತ್ತಿದೆ. ರಿಪೇರಿ ಮಾಡಿಸಬೇಡಿ.

ಇವತ್ತು ಎಲ್ಲ ಕಟ್ಟಿ ಪಾಂಡೇಶ್ವರದ ಅಂಚೆಕಚೇರಿಗೆ ಹೋದೆ.
ಒಳಗೆ ಎಂತದುಂಟು ಅಜ್ಜಿ?
ಕಾಗದ.
ಮೌಲ್ಯ?
ಏನಿಲ್ಲ ಎಂದೆ. ಸೊನ್ನೆ ಹಾಕಿದರೆ
ಕಂಪ್ಯೂಟರ್ ಮುಂದೆ ಹೋಗುವುದಿಲ್ಲವಂತೆ.
ಹಿಂದೆ ಸಾಲು ಬೆಳೆಯುತ್ತಿತ್ತು. ಲೆಕ್ಕದ ಪುಸ್ತಕದ ಕೊನೇ ಪುಟ ನೆನಪಾಯಿತು:
ಲಸ್ರಾದೊ, ಹದಿನೆಂಟು ಪುಟ, ಬಾಕಿ.
ಏಳು ರೂಪಾಯಿ ಇಪ್ಪತ್ತು ಪೈಸೆ ಅಂತ ಹಾಕಿ.
ಪೈಸೆ ತಗೊಳ್ಳುವುದಿಲ್ಲ ಅಜ್ಜಿ. ಎಂಟು ಮಾಡಲಾ?
ಬೇಡ, ಏಳೇ ಹಾಕಿ.
ಇಪ್ಪತ್ತು ಪೈಸೆ ಬಿಟ್ಟೆ.