ಲೆಕ್ಕಕ್ಕೆ ಇಡಿ

ಬೈಕಂಪಾಡಿಯ ಈ ಹಾಲಿನಲ್ಲಿ ನನಗೆ ಇಪ್ಪತ್ತಮೂರು ವರ್ಷ.
ಮೇಜಿನ ಮೇಲೆ ಗೇರುಬೀಜದ ಗುಡ್ಡೆ,
ಇನ್ನೂರ ನಲವತ್ತು, ಮುನ್ನೂರ ಇಪ್ಪತ್ತು,
ಬೆರಳು ನಂಬರು ನೋಡುತ್ತಿತ್ತು, ಬಾಯಿ ಊರಿನ ಸುದ್ದಿ.
ಸೀದದ್ದು ಆಚೆ, ಸೀಳಿದ್ದು ಈಚೆ,
ತುಂಡು ಕೆಳಗಿನ ತಟ್ಟೆಗೆ.

ಕಳೆದ ವರ್ಷ ಒಂದು ಕುರ್ಚಿ ಕೊಟ್ಟರು, ಬೆನ್ನಿರುವ ಕುರ್ಚಿ.
ಎದುರಿಗೆ ಪರದೆ. ಒಂದೊಂದೇ ಬೀಜದ ಫೋಟೋ
ಅಂಗೈಯಷ್ಟು ದೊಡ್ಡದು.
ಇಷ್ಟು ಸುಕ್ಕು ಇದರ ಮೈಯಲ್ಲಿ ಇತ್ತಾ ಎಂದು ನಾನೇ ಹೆದರಿದೆ.
"ವಾರಿಜಕ್ಕ, ಇಡಿಯಾದರೆ ಹಸಿರು ಒತ್ತಿ, ತುಂಡಾದರೆ ಕೆಂಪು.
ಮಿಷನಿಗೆ ನಿಮ್ಮ ಕಣ್ಣು ಬೇಕು," ಎಂದ ಇಂಜಿನಿಯರ್ ಹುಡುಗ ಶಮಂತ.
ನಾಲ್ಕು ತಿಂಗಳು ಒತ್ತಿದೆ.
ಸಂಬಳ ಅಷ್ಟೇ. ಚಾ ಒಂದು ಹೆಚ್ಚು.

ಈಗ ಬೀಜ ಮೇಲಿನಿಂದ ಬೀಳುತ್ತದೆ,
ಬಿದ್ದು ಮುಗಿಯುವುದರೊಳಗೆ ನೋಡಿ ಆಗಿರುತ್ತದೆ,
ಫುಸ್ಸೆಂದು ಗಾಳಿ, ಬೇಡದ್ದು ಪಕ್ಕಕ್ಕೆ.
ಮೂವತ್ತೆಂಟು ಮಂದಿಯ ಹಾಲಿನಲ್ಲಿ ಉಳಿದದ್ದು ಐದು.
ಮಾತಾಡಿದರೆ ನಮ್ಮದೇ ದನಿ ತಿರುಗಿ ಬರುತ್ತದೆ.

ಮೊನ್ನೆ ಶಮಂತ ತಲೆ ತುರಿಸುತ್ತಾ ಬಂದ.
"ಎಲ್ಲ ಸರಿ ಉಂಟು. ಒಂದು ಮಾತ್ರ ಗೊತ್ತಾಗುವುದಿಲ್ಲ.
ಮೂತಿ ಸ್ವಲ್ಪ ಹಾರಿದ ಬೀಜವನ್ನು
ಇದು ಇಡಿ ಅಂತ ಬಿಡ್ತದೆ. ಎಂತಕ್ಕೆ?"

ನಾನು ತಟ್ಟೆ ಒರೆಸಿದೆ.

ಎಂತಕ್ಕೆಂದರೆ ಬೆನೆಡಿಕ್ಟಾ.
ಸಿಪ್ಪೆ ತೆಗೆಯುವ ಸಾಲಿನ ಕೊನೆಗೆ, ಕಿಟಕಿ ಪಕ್ಕ,
ಎಡಗೈಯ ಎರಡು ಬೆರಳು ಮಡಚಲಾಗದವಳು.
ಇಡಿಗೆ ಒಂದು ರೇಟು, ತುಂಡಿಗೆ ಅರ್ಧ.
ಅವಳ ಕತ್ತಿ ಜಾರಿದಲ್ಲೆಲ್ಲ ಬೀಜದ ಮೂತಿ ಹಾರುತ್ತಿತ್ತು.
ಅವಳ ಡಬ್ಬಿ ಬಂದಾಗ ನಾನು ಮೂತಿ ನೋಡುತ್ತಿರಲಿಲ್ಲ.
ಅಷ್ಟೇ.
ಹನ್ನೊಂದು ವರ್ಷ ನೋಡದೆ ನೋಡದೆ
ಕೊನೆಗೆ ಯಾರ ಡಬ್ಬಿಯಲ್ಲೂ ಕಾಣದ ಹಾಗಾಯಿತು.
ಅವಳಿಗೆ ನಾನು ಹೇಳಿದ್ದಿಲ್ಲ, ಅವಳು ಕೇಳಿದ್ದಿಲ್ಲ.
ಕ್ರಿಸ್ಮಸ್ಸಿನ ಕುಸ್ವಾರ್ ಹಂಚುವಾಗ ಮಾತ್ರ
ನನ್ನ ಪೊಟ್ಟಣದಲ್ಲಿ ಒಂದು ನೆವ್ರಿ ಹೆಚ್ಚಿರುತ್ತಿತ್ತು.

ಸುಲಿಯುವ ಮಿಷನ್ ಇದಕ್ಕಿಂತ ಮೊದಲೇ ಬಂತು. ಬೆನೆಡಿಕ್ಟಾ ಈಗ
ಕುಳಾಯಿಯಲ್ಲಿ ಯಾರದೋ ಮಗು ನೋಡಿಕೊಳ್ಳುತ್ತಾಳೆ.
ಅವಳ ಕತ್ತಿಯಿಲ್ಲ, ಡಬ್ಬಿಯಿಲ್ಲ, ರೇಟೂ ಇಲ್ಲ.
ಈ ಪೆಟ್ಟಿಗೆಯೊಂದು
ಯಾರಿಗಾಗಿ ಎಂದು ತಿಳಿಯದೆ
ನಿಮಿಷಕ್ಕೆ ಸಾವಿರ ಸಲ
ಕಂಡೂ ಕಾಣದ ಹಾಗೆ ಇದೆ.

"ಸರಿ ಮಾಡಬೇಕು," ಎನ್ನುತ್ತಾನೆ ಶಮಂತ,
"ನಾಳೆ ಮತ್ತೆ ಕೂತುಕೊಳ್ತೀರಾ? ಎರಡು ಸಾವಿರ ಫೋಟೋ."

ಕೂತುಕೊಳ್ಳುವ, ಅದಕ್ಕೇನು.
ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡೆ.
ಹಸಿರು ಯಾವ ಬದಿಗೆ ಇತ್ತು, ಮಗಾ?