ಅರ್ಧ ಕೆನ್ನೆ

ಅಸ್ಮಾರಾದ ನನ್ನ ಕ್ಷೌರದಂಗಡಿಯಲ್ಲಿ
ಕನ್ನಡಿ ಮೂರು, ಟೀವಿ ಒಂದು.
ಸೈಕಲ್ ರೇಸು ಶುರುವಾದರೆ
ಕನ್ನಡಿಗೆ ಯಾರ ಮುಖವೂ ಸಿಗುವುದಿಲ್ಲ.

ಅವತ್ತು ಕುರ್ಚಿಯಲ್ಲಿ ತೆವೆಲ್ದೆ ಮೇಷ್ಟ್ರು, ಗಲ್ಲದ ತುಂಬ ನೊರೆ.
ಅಲ್ಲಿ ಆಲ್ಪ್ಸಿನ ಏರಿನಲ್ಲಿ
ಹಾಲಿನ ಲೆತೆಬ್ರಹಾನಳ ಮಗ ಹಬ್ತೋಮ್,
ಅವನ ಬೆನ್ನಿಗೇ ಅಂಟಿಕೊಂಡು ಆ ಬೆಲ್ಜಿಯಂನವನು.
ಹನ್ನೆರಡು ದಿನದಿಂದ ಅವನಿಗೆ
ಹಿಡಿಶಾಪ ಹಾಕುತ್ತಲೇ ಇದ್ದೆ ನಾನು,
ಪಂಕ್ಚರ್ ಆಗಲಿ, ಹೊಟ್ಟೆ ಕೆಡಲಿ.

ಆಯಿತು. ಚೈನು ಕಳಚಿ ಧೊಪ್ಪನೆ ಬಿದ್ದ.
ಅಂಗಡಿಗೆ ಅಂಗಡಿಯೇ ಎದ್ದು ಕುಣಿಯಿತು. ನಾನೂ,
ಕತ್ತಿ ಹಿಡಿದ ಕೈ ಮೇಲೆತ್ತಿ.

ಹಬ್ತೋಮ್ ಹಿಂತಿರುಗಿ ನೋಡಿದ.
ಪೆಡಲು ನಿಲ್ಲಿಸಿದ.
ನೀರು ಕುಡಿದ, ಮೂಗು ಒರೆಸಿಕೊಂಡ,
ಸುಮ್ಮನೆ, ಬಸ್ಸಿಗೆ ಕಾಯುವವನ ಹಾಗೆ.

"ತುಳಿಯೋ ಕತ್ತೆ!" ಕಿರುಚಿದೆ,
ಟೀವಿಗೆ ಕಿವಿ ಇದ್ದಂತೆ.
ಬಿದ್ದವನು ಎದ್ದು ಬಂದ. ಇಬ್ಬರೂ ಜೊತೆಯಾದರು.
ಕರೆಂಟು ಹೋಯಿತು.

ಕತ್ತಲಲ್ಲಿ ಒಬ್ಬ ಅಂದ, ದಡ್ಡ.
ಇನ್ನೊಬ್ಬ, ಹಾಲಿಗೆ ನೀರು ಬೆರೆಸುವವಳಿಗೆ
ಇಂಥ ಮಗನೇ!
ನಕ್ಕರು. ನಾನು ನಗಲಿಲ್ಲ.
ಕುಣಿದ ಕಾಲನ್ನು ಈಗ ಎಲ್ಲಿಡಬೇಕೋ ತಿಳಿಯಲಿಲ್ಲ.

ಯಾರು ಗೆದ್ದರೆಂದು ಮರುದಿನ ಗೊತ್ತಾಯಿತು, ಬಿಡಿ.
ಅವತ್ತು ಒಣಗಿದ ನೊರೆಯೊಳಗಿಂದ ಮೇಷ್ಟ್ರು
"ಇನ್ನೊಂದು ಕೆನ್ನೆ ಕಾಯ್ತಾ ಇದೆಯಪ್ಪ" ಎಂದರು.
ಮೇಣದಬತ್ತಿ ಹಚ್ಚಿದೆ.
ಕೈ ನಡುಗುವುದು ನಿಲ್ಲುವ ತನಕ
ಅವರೂ ಕಾದರು.